ನೀರಿಲ್ಲದ ಜಲಪಾತಕ್ಕೆ, ಮೇ ತಿಂಗಳಲ್ಲಿ

ಮುಂಬಯಿಯಲ್ಲಿ ಚಾರಣ ಎಂದರೆ ಮಳೆಗಾಲ ಎಂದೇ ಲೆಕ್ಕ. ಜೂನ್ ಕೊನೆಯ ಶನಿವಾರ ಬಂತೆಂದರೆ ಕರ್ಜತ್, ಕಸಾರಾ ಲೋಕಲ್‌ಗಳ ತುಂಬ ಬೆನ್ನುಚೀಲ, ರೇನ್‌ಕೋಟು. ಜಲಪಾತದ ಕೆಳಗೂ ದಾದರ್ ಸ್ಟೇಶನ್ನಿನದೇ ನೂಕುನುಗ್ಗಲು. ನಮ್ಮ ನಾಲ್ವರ ಗುಂಪಿಗೆ ಅದು ಒಗ್ಗುವುದಿಲ್ಲ. ನಾವು ಹೊರಡುವುದು ಮೇ ತಿಂಗಳಲ್ಲಿ, ಬೆಳಿಗ್ಗೆ ಬೇಗ, ತಲಾ ಮೂರು ಲೀಟರ್ ನೀರು ಹೊತ್ತು. ದೂರವೂ ಹೋಗಬೇಕಿಲ್ಲ. ಬೋರಿವಲಿ ಸ್ಟೇಶನ್ನಿಗೆ ಇಳಿದು, ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದು, ರಿಕ್ಷಾ ಹತ್ತಿದರೆ ಹೈವೇ ಪಕ್ಕದಲ್ಲೇ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟು. (ಸೋಮವಾರ ರಜೆ, ನೆನಪಿರಲಿ.) ಸುತ್ತಲೂ ಕೋಟಿಗಟ್ಟಲೆ ಜನ, ನಡುವೆ 104 ಚದರ ಕಿಲೋಮೀಟರ್ ಕಾಡು. 2018ರ ಕ್ಯಾಮೆರಾ ಗಣತಿಯಲ್ಲಿ ಇಲ್ಲಿ 47 ಚಿರತೆಗಳು ಸಿಕ್ಕಿದ್ದವು.

ಈ ಸಲ ಮೊದಲು ಹೋದದ್ದು ಶಿಲೋಂಡಾ ಹಾದಿಗೆ. ಇದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಜೊತೆಗೊಬ್ಬ ಮಾರ್ಗದರ್ಶಿಯೂ ಬೇಕು. ನಮ್ಮ ಜೊತೆ ಬಂದವನು ಕಾಡಿನೊಳಗಿನ ಪಾಡಾದ ವಾರ್ಲಿ ಹುಡುಗ. ಒಟ್ಟಿಗೇ ನಡೆಯಿರಿ, ಮೊಬೈಲಿನಲ್ಲಿ ಹಾಡು ಹಾಕಬೇಡಿ ಎಂದು ಎರಡೇ ಮಾತು ಹೇಳಿ ಮುಂದೆ ನಡೆದ.

ನಾನು ಶಿರಸಿ ಕಡೆಯವನು. ಕಾಡೆಂದರೆ ವರ್ಷವಿಡೀ ಹಸಿರು ಎಂಬ ಭಾವನೆಯಲ್ಲೇ ಬೆಳೆದವನು. ಇಲ್ಲಿಯದು ಎಲೆ ಉದುರಿಸುವ ಕಾಡು. ಮೇ ತಿಂಗಳಲ್ಲಿ ಕಾಲಡಿಯ ತರಗೆಲೆ ಹಪ್ಪಳದ ಹಾಗೆ ಮುರಿಯುತ್ತದೆ. ಕಾಂಡೋಳ್ ಮರಗಳು ಬಿಳಿಯ ಮೈ ತೋರಿಸಿಕೊಂಡು ಬೋಳಾಗಿ ನಿಂತಿರುತ್ತವೆ, ಅಲ್ಲೊಂದು ಇಲ್ಲೊಂದು ಕಕ್ಕೆ ಮರ ಮಾತ್ರ ಮೈತುಂಬ ಹಳದಿ. ಎಂಟು ವರ್ಷಕ್ಕೊಮ್ಮೆ ಹೂಬಿಡುವ ಕಾರ್ವಿಯ ಒಣಕಡ್ಡಿಗಳನ್ನು ಹುಡುಗ ತೋರಿಸಿದ. 2016ರಲ್ಲಿ ಅರಳಿದ್ದು 2024ರಲ್ಲಿ ಮತ್ತೆ ಅರಳಿತ್ತಂತೆ. ಆ ಕಡ್ಡಿ ಕಟ್ಟಿ, ಮಣ್ಣು ಮೆತ್ತಿದರೆ ವಾರ್ಲಿಗಳ ಮನೆಯ ಗೋಡೆ. ಪೊದೆಯಲ್ಲಿ ಕಪ್ಪಗಿನ ಪುಟ್ಟ ಹಣ್ಣು ಕಂಡಿತು. ನಾನು ಕವಳೆ ಹಣ್ಣು ಎಂದೆ, ಗದಗಿನ ಗೆಳೆಯ ಕವಳಿ ಎಂದ, ಕಾರ್ಕಳದವನು ಕರಂಡೆ ಎಂದ. ಹುಡುಗ ಕರವಂದ ಎಂದು ನಕ್ಕ. ಇದೇ ಹಣ್ಣನ್ನು ಹೆಂಗಸರು ಗೇಟಿನ ಹೊರಗೆ ಎಲೆಯ ದೊನ್ನೆಯಲ್ಲಿಟ್ಟು ಮಾರುತ್ತಾರೆ.

ಹಾದಿಯ ಕೊನೆಯ ಜಲಪಾತದಲ್ಲಿ ನೀರಿರಲಿಲ್ಲ. ಇರುವುದಿಲ್ಲವೆಂದು ಗೊತ್ತಿದ್ದೇ ಬಂದದ್ದು. ಮಳೆಗಾಲದಲ್ಲಿ ನೊರೆಯಡಿ ಮುಚ್ಚಿಹೋಗುವ ಬಂಡೆ ಬೇಸಿಗೆಯಲ್ಲಿ ಪೂರಾ ಕಾಣುತ್ತದೆ. ಕಪ್ಪು ಬಸಾಲ್ಟಿನಲ್ಲಿ ನೀರು ಕಲ್ಲು ತಿರುಗಿಸಿ ತಿರುಗಿಸಿ ಕೊರೆದ ಒರಳಿನಂಥ ಗುಂಡಿಗಳು, ಒಂದೆರಡರ ತಳದಲ್ಲಿ ಇನ್ನೂ ಉಳಿದಿದ್ದ ಅಂಗೈಯಗಲದ ನೀರು. ಅದರ ಸುತ್ತ ಜಿಂಕೆಯ ಗೊರಸಿನ ಗುರುತು, ಜೇನುನೊಣ. ನಾವು ದೂರದಲ್ಲೇ ಕೂತು ಅವಲಕ್ಕಿ ತಿಂದೆವು. ಆ ಗುಂಡಿಯ ನೀರಿಗೆ ಕೈ ಅದ್ದಬೇಡಿ ಎಂದು ಹುಡುಗ ಹೇಳಬೇಕಾಗಲಿಲ್ಲ.

ಇದೇ ನೀರು ಸೇರುವ ದಹಿಸರ್ ನದಿ ತುಳಸಿ ಕೆರೆಯ ಬಳಿ ಹುಟ್ಟಿ, ಸುಮಾರು 12 ಕಿಲೋಮೀಟರ್ ಹರಿದು ಮನೋರಿ ಖಾರಿಗೆ ಬೀಳುತ್ತದೆ. ಗೇಟು ದಾಟಿ ಬೋರಿವಲಿಗೆ ಬಂದೊಡನೆ ಅದಕ್ಕೆ ಎರಡೂ ಕಡೆ ಕಾಂಕ್ರೀಟ್ ಗೋಡೆ, ತಬೇಲೆಗಳ ಸಗಣಿ, ಪ್ಲಾಸ್ಟಿಕ್ಕು. ಅಲ್ಲಿಂದ ಮುಂದೆ ಅದನ್ನು ಯಾರೂ ನದಿ ಅನ್ನುವುದಿಲ್ಲ, ನಾಲಾ ಅನ್ನುತ್ತಾರೆ.

ಮಾರನೆಯ ಭಾನುವಾರ ಕಾನ್ಹೇರಿ. ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು, ಕ್ರಿಸ್ತಪೂರ್ವದಿಂದ ಹಿಡಿದು ಸಾವಿರ ವರ್ಷ ಬಾಳಿದ ಜಾಗ. ಕನ್ನಡಿಗರು ಇಲ್ಲಿಗೆ ಬಂದರೆ ಹೇಳಿಕೊಳ್ಳಲು ಒಂದು ಸಂಗತಿಯಿದೆ. ಒಂಬತ್ತನೆಯ ಶತಮಾನದ ಇಲ್ಲಿಯ ಶಾಸನಗಳಲ್ಲಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ತಮ್ಮ ಒಡೆಯನೆಂದು ಹೆಸರಿಸುವುದು ಅಮೋಘವರ್ಷನನ್ನು, ಕವಿರಾಜಮಾರ್ಗದ ನಮ್ಮ ನೃಪತುಂಗನನ್ನು. ಭಾಷೆ ಸಂಸ್ಕೃತ. "ಹಂಗಾದ್ರ ನಾವು ಇಲ್ಲಿ ಹೊರಗಿನವರಲ್ಲಪಾ" ಎಂದು ಗದಗಿನವನು ಎದೆಯುಬ್ಬಿಸಿದ. ನನಗೆ ಈ ಹೆಮ್ಮೆಗಿಂತ ಅಲ್ಲಿಯ ನೀರಿನ ತೊಟ್ಟಿಗಳೇ ದೊಡ್ಡದಾಗಿ ಕಂಡವು. ಗುಹೆ ಗುಹೆಗೂ ಒಂದು ತೊಟ್ಟಿ. ಮೇಲಿನ ಬಂಡೆಯ ಮೇಲೆ ಬೆರಳುದ್ದ ಅಗಲದ ಕಾಲುವೆ ಕೆತ್ತಿ, ನಾಲ್ಕು ತಿಂಗಳ ಮಳೆಯನ್ನು ಉಳಿದ ಎಂಟು ತಿಂಗಳಿಗೆ ಹಿಡಿದಿಟ್ಟ ಲೆಕ್ಕಾಚಾರ ಅದು. ಒಂದು ತೊಟ್ಟಿ ಕಲ್ಯಾಣದ ಅಕ್ಕಸಾಲಿಗನ ದಾನ (ಬಸವಣ್ಣನ ಕಲ್ಯಾಣವಲ್ಲ, ನಮ್ಮ ಸೆಂಟ್ರಲ್ ಲೈನಿನದು), ಇನ್ನೊಂದು ಸೋಪಾರದ ವರ್ತಕನದು. ಇವತ್ತು ಅದೇ ನಾಲಾಸೋಪಾರಾದಲ್ಲಿ ಮನೆ ಮಾಡಿರುವ ನಮ್ಮ ನಾಲ್ಕನೆಯವನು ಮೇ ಬಂತೆಂದರೆ ಟ್ಯಾಂಕರಿಗೆ ದುಡ್ಡು ಎಣಿಸುತ್ತಾನೆ. ಅವನು ತೊಟ್ಟಿಯೊಳಗೆ ಬಹಳ ಹೊತ್ತು ಇಣುಕಿದ.

ಗುಹೆಗಳ ಮೇಲಿನ ಗುಡ್ಡ ಹತ್ತಿದರೆ ಎರಡೂ ಕೆರೆ ಕಾಣುತ್ತವೆ. ಇತ್ತ ತುಳಸಿ, 1879ರದು. ಅತ್ತ ವಿಹಾರ, 1860ರದು. ಅದಕ್ಕೂ ಮೊದಲು ಊರಿಗೆ ಬಾವಿ, ಕೆರೆಗಳೇ ಗತಿಯಾಗಿದ್ದವು. ಧೋಬಿ ತಲಾವ್, ಗೋವಾಲಿಯಾ ಟ್ಯಾಂಕ್‌ಗಳು ಈಗ ಹೆಸರಿನಲ್ಲಷ್ಟೇ ಕೆರೆ. ಕೊಳಾಯಿಯಲ್ಲಿ ಮೊದಲು ಬಂದ ನೀರು ವಿಹಾರದ್ದು. ಈಗ ಏಳು ಕೆರೆಗಳ ನೀರಿನಲ್ಲಿ ಇವೆರಡರ ಪಾಲು ನೂರಕ್ಕೆ ಎರಡು ಮೂರು, ಅಷ್ಟೇ. ಆದರೂ ಕುಡಿಯುವ ನೀರೆಂದು ದಂಡೆಗೆ ಎಲ್ಲರನ್ನೂ ಬಿಡುವುದಿಲ್ಲ. ಬಿಡದಿರುವುದೇ ಒಳ್ಳೆಯದು. ಬಿಟ್ಟಿದ್ದರೆ ವಿಹಾರದ ದಂಡೆಯೂ ಜುಹೂ ಚೌಪಾಟಿಯ ಹಾಗೆ ಆಗಿರುತ್ತಿತ್ತು.

ಮೀಠಿ ನದಿ ಶುರುವಾಗುವುದು ಆ ವಿಹಾರದ ಕೋಡಿಯಿಂದ ಎಂದು ನಾನು ಹೇಳಿದಾಗ ಕಾರ್ಕಳದವನು ಸುಮ್ಮನಾದ. ಅವನ ಅಪ್ಪನ ಹೋಟೆಲು ಕುರ್ಲಾದಲ್ಲಿ, ಮೀಠಿಗೆ ಹತ್ತಿರ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿದ್ದಾಗ ಹೋಟೆಲಿನೊಳಗೆ ಎದೆಮಟ್ಟ ನೀರು. ಹನ್ನೆರಡನೆಯ ಕ್ಲಾಸು ಮುಗಿಸಿದ್ದ ಇವನು, ಅಪ್ಪ, ಮೂವರು ಕೆಲಸದ ಹುಡುಗರು ರಾತ್ರಿಯಿಡೀ ಅಟ್ಟದ ಮೇಲೆ ಕೂತಿದ್ದರು. ಅಕ್ಕಿ, ಉದ್ದು, ಫ್ರಿಜ್ಜು ಎಲ್ಲ ಹೋಯಿತು. ಅಂಗಡಿ ಮತ್ತೆ ತೆರೆದದ್ದು ಹನ್ನೆರಡು ದಿನದ ಮೇಲೆ.

"ಇಷ್ಟು ಚಂದ ಉಂಟಾ ಮಾರಾಯ ಇದು" ಎಂದ, ಕೆರೆಯನ್ನೇ ನೋಡುತ್ತ. ಇಪ್ಪತ್ತು ವರ್ಷ ಮೀಠಿಯ ಪಕ್ಕದಲ್ಲೇ ಇದ್ದವನು ಅದರ ಹುಟ್ಟನ್ನು ನೋಡಿರಲಿಲ್ಲ. ಗುಡ್ಡದ ತುದಿಯಲ್ಲಿ ಟವರ್ ಸಿಕ್ಕಿತು. ಅಪ್ಪನಿಗೆ ಫೋನು ಮಾಡಿ ತುಳುವಿನಲ್ಲಿ ಮಾತಾಡಿದ. ನನಗೆ ಅರ್ಧ ತಿಳಿಯಿತು, ಉಳಿದದ್ದನ್ನು ಅವನೇ ಹೇಳಿದ. ಕೆರೆಯಲ್ಲಿ ನೀರು ಎಷ್ಟುಂಟು ಎಂದು ಅಪ್ಪ ಮೊದಲು ಕೇಳಿದರಂತೆ. ದಂಡೆಯ ಕೆಂಪು ಮಣ್ಣು ಕಾಣುತ್ತಿದೆ, ಕಡಿಮೆಯೇ ಎಂದನಂತೆ ಇವನು. ಹಾಗಾದರೆ ಇನ್ನೂ ಸಮಯ ಉಂಟು, ಮುಂದಿನ ಭಾನುವಾರ ಗುಡ್ಡಗಿಡ್ಡ ಎಂದು ಹೋಗಬೇಡ, ಅಕ್ಕಿ ಮೂಟೆಗಳನ್ನು ಅಟ್ಟಕ್ಕೆ ಹಾಕಲು ಬಾ ಎಂದರಂತೆ ಅಪ್ಪ.