ಕುರ್ಚಿಯ ಸಂಬಳ

ಹೆಣ್ಣುಮಗಳು ಓದದಿದ್ದರೆ ಒಂದು ಮಾತು, ಹೆಚ್ಚು ಓದಿದರೆ ಹತ್ತು ಮಾತು. ಕನ್ನಡ ಎಂ.ಎ., ಬಿ.ಇಡಿ. ಮುಗಿಸಿ ಮುಧೋಳದ ಒಂದು ಪತ್ತಿನ ಸಂಘದ ಕೌಂಟರಿನಲ್ಲಿ ಕುಳಿತ ನನಗೆ ಆ ಹತ್ತೂ ಮಾತು ಬಾಯಿಪಾಠವಾಗಿವೆ. "ಇಷ್ಟ್ ಕಲ್ತು ಇಲ್ಲಿ ರೊಕ್ಕಾ ಎಣಿಸಾಕತ್ತೀಯೇನವಾ?" ಎಂದು ಕೇಳುವವರಲ್ಲಿ ಅರ್ಧ ಕನಿಕರ, ಇನ್ನರ್ಧ ಸಮಾಧಾನ. ತಮ್ಮ ಮಗಳನ್ನು ಹತ್ತನೆಯ ಇಯತ್ತೆಗೇ ಬಿಡಿಸಿದ್ದು ಸರಿಯಾಯಿತೆಂಬ ಸಮಾಧಾನ!

ಸಂಕಟ ನನಗೂ ಇತ್ತು. ಹಳಗನ್ನಡ ಓದಿದ ಕಣ್ಣಿಗೆ ದಿನವಿಡೀ ಪಿಗ್ಮಿ ಲೆಕ್ಕ, ಠೇವಣಿ ರಸೀದಿ. ಕಬ್ಬಿನ ಬಿಲ್ಲು ಕೈಗೆ ಬರುವ ದಿನಗಳಲ್ಲಂತೂ ತಲೆಯೆತ್ತಲು ಪುರುಸೊತ್ತಿಲ್ಲ.

ಒಮ್ಮೆ ಹೆಣ್ಣುಮಗಳೊಬ್ಬಳು ಮೈದುನನ ಸಾಲಕ್ಕೆ ಜಾಮೀನು ಹಾಕಲು ಬಂದಳು. ಕಾಗದದಲ್ಲಿ "ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ" ಎಂದಿತ್ತು. "ಅವರು ಕಟ್ಟಲಿಲ್ಲಂದ್ರ ಪೂರಾ ಸಾಲ ನಿಮ್ಮೊಬ್ಬರ ಕಡೀಂದನ ವಸೂಲು ಮಾಡಬಹುದರಿ, ಅಕ್ಕಾರ" ಎಂದೆ. ಆಕೆ ಪೆನ್ನು ಕೆಳಗಿಟ್ಟಳು. "ಮನ್ಯಾಗ ಕೇಳಿ ಬರ್ತೀನಿ" ಎಂದು ಎದ್ದು ಹೋದಳು. ನನ್ನ ಎಂ.ಎ. ಉಪಯೋಗಕ್ಕೆ ಬಂದಿತ್ತು. ಅಂದಿನಿಂದ ಪ್ರತಿ ಅರ್ಜಿಯ ಸಾರವನ್ನು ನಾಲ್ಕೇ ಸಾಲಿನಲ್ಲಿ, ಆಡುಮಾತಿನಲ್ಲಿ ಬರೆದು ಕೌಂಟರಿನ ಪಕ್ಕ ಅಂಟಿಸತೊಡಗಿದೆ. ಸಂಘದ ಪತ್ರವ್ಯವಹಾರವೂ ನನ್ನ ಮೇಜಿಗೇ ಬಂತು.

ಸಂಬಳ ಮಾತ್ರ ಇದ್ದಲ್ಲೇ ಇತ್ತು. ಕೇಳಿದರೆ, "ಸಂಬಳ ಕುರ್ಚಿಗೆ, ಓದಿಗಲ್ಲ" ಎಂಬ ಉತ್ತರ.

ಹೊಂದಿಕೊಂಡು ಹೋಗು ಎನ್ನುವುದು ನಮಗೆ ತವರಿನವರು ಕಟ್ಟಿಕೊಡುವ ಬುತ್ತಿ. ಹೊಸ ಕೆಲಸಕ್ಕೆ ಕೈ ಪಳಗಿಸುವುದು ಹೊಂದಿಕೆ. ಮಾಡಿದ ಕೆಲಸಕ್ಕೆ ಕೂಲಿ ಕೇಳದಿರುವುದು ಹೊಂದಿಕೆಯಲ್ಲ. ಬೇರೆ ಕಡೆ ಅರ್ಜಿ ಹಾಕುವಾಗ ಎಂ.ಎ. ಮುಚ್ಚಿಡು ಎಂದು ಹೇಳುವ ಹಿತೈಷಿಗಳೂ ಇದ್ದಾರೆ. ಅದೂ ಅಪಾಯವೇ. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಜವಾನ ಹುದ್ದೆಗೆ ಪದವೀಧರರು ಅರ್ಜಿ ಹಾಕಕೂಡದೆಂದಿತ್ತು. ಒಬ್ಬರು ಪದವಿ ಮುಚ್ಚಿಟ್ಟು ಆಯ್ಕೆಯಾಗಿದ್ದರು. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಬ್ಯಾಂಕಿನ ಪರವಾಗಿಯೇ ತೀರ್ಪು ಕೊಟ್ಟಿತು.

ನಮ್ಮೂರ ರನ್ನ ಬಳೆಗಾರರ ಮನೆಯ ಮಗ. ವಿದ್ಯೆಗಾಗಿ ಶ್ರವಣಬೆಳಗೊಳದವರೆಗೆ ಹೋದ. ಅಲ್ಲಿ ಚಾವುಂಡರಾಯನ ಆಸರೆ ಸಿಕ್ಕಿತು. 993ರಲ್ಲಿ 'ಅಜಿತಪುರಾಣ' ಬರೆದಾಗ ಆಶ್ರಯ ಕೊಟ್ಟವಳು ಅತ್ತಿಮಬ್ಬೆ. ಅಂಥ ಕವಿಗೂ ವಿದ್ಯೆಯ ಬೆಲೆ ಬಲ್ಲವರು ಬೇಕಾದರು. ಅತ್ತಿಮಬ್ಬೆ ಎಲ್ಲರ ಪಾಲಿಗೂ ಬರುವುದಿಲ್ಲ. ಬರದಿದ್ದರೆ ನಮ್ಮ ಬೆಲೆಯನ್ನು ನಾವೇ ಬಾಯಿಬಿಟ್ಟು ಹೇಳಬೇಕು.

ಹಾಗೆಂದೇ ಈ ಸಲ ಆಡಳಿತ ಮಂಡಳಿಗೆ ಅರ್ಜಿ ಕೊಟ್ಟೆ. ಓದಿನ ಪ್ರಸ್ತಾಪ ಒಂದೇ ಸಾಲು. ಉಳಿದದ್ದೆಲ್ಲ ಕೆಲಸದ ಪಟ್ಟಿ: ಎಷ್ಟು ಪತ್ರ ಬರೆದೆ, ಎಷ್ಟು ಮಹಿಳಾ ಸಂಘಗಳ ಲೆಕ್ಕ ಸರಿಪಡಿಸಿದೆ, ಅದಕ್ಕೆ ಹುದ್ದೆಯ ಹೆಸರೇನು, ಸಂಬಳವೆಷ್ಟು? ಉತ್ತರ ಇನ್ನೂ ಬಂದಿಲ್ಲ. ನಕಲು ಪ್ರತಿಯ ಮೇಲೆ ತಾರೀಖು ಸಮೇತ ಸಹಿ ಮಾತ್ರ ಹಾಕಿಸಿಕೊಂಡಿದ್ದೇನೆ.