ಕಾಂಟೆಸ್ಸಾದ ತಂಪು

ಲಿಂಗಸುಗೂರಿನಿಂದ ರಾಯಚೂರಿಗೆ ತೊಂಬತ್ತು ಕಿಲೋಮೀಟರ್ ಆಸುಪಾಸು. ನಕಾಶೆಯಲ್ಲಿ ನೋಡಿದರೆ ಅದೇನೂ ದೂರವಲ್ಲ. ಆದರೆ ಬೇಸಿಗೆಯ ನಡುವೆ, ವಯಸ್ಸಾದವರನ್ನು ಹದಿನೈದು ದಿನಕ್ಕೊಮ್ಮೆ ಹೃದಯದ ಡಾಕ್ಟರ ಬಳಿ ಕರೆದೊಯ್ಯಬೇಕಾದವರಿಗೆ ಆ ದೂರದ ಲೆಕ್ಕವೇ ಬೇರೆ. ಬೆಳಿಗ್ಗೆ ಹೋಗುವಾಗ ಹೇಗೋ ಆದೀತು. ಚೀಟಿ ಹಚ್ಚಿ, ಸರದಿ ಕಾದು, ಔಷಧಿ ಕೊಂಡು ಮರಳುವ ಹೊತ್ತಿಗೆ ಜೋಹರ್ ನಮಾಜಿನ ಸಮಯ ಮೀರಿರುತ್ತದೆ, ಡಾಂಬರು ಮೆತ್ತಗಾಗಿರುತ್ತದೆ. ನಮ್ಮ ಅಮ್ಮಿಗೆ ಎಪ್ಪತ್ತೆಂಟು ವರ್ಷ, ಕಾಲುಗಳಲ್ಲಿ ಬಾವು. ಭಾಯಿಜಾನರ ಸಣ್ಣ ಕಾರಿನಲ್ಲಿ ಏ.ಸಿ. ಇದೆ, ಕಾಲು ಚಾಚಲು ಜಾಗವಿಲ್ಲ. ಕಾಲು ಚಾಚಲು ಜಾಗವಿದ್ದ ಕಾರು ಹಿತ್ತಲ ಬೇವಿನ ಮರದ ಕೆಳಗೆ ನಿಂತಿತ್ತು, ಅದಕ್ಕೆ ಏ.ಸಿ. ಇರಲಿಲ್ಲ. ಇರಲಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಇತ್ತು, ಸತ್ತುಹೋಗಿತ್ತು.

ಅದು 1993ರ ಕಾಂಟೆಸ್ಸಾ ಕ್ಲಾಸಿಕ್. ಅಂಬಾಸಿಡರ್ ತಯಾರಿಸುತ್ತಿದ್ದ ಹಿಂದೂಸ್ತಾನ್ ಮೋಟರ್ಸ್‌ನವರೇ ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ 1984ರಿಂದ ಇದನ್ನೂ ತಯಾರಿಸಿದರು. ಮೈಕಟ್ಟು ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನದು. ಮೊದಮೊದಲು ಅಂಬಾಸಿಡರಿನ ಹಳೆಯ ಎಂಜಿನ್ನನ್ನೇ ಈ ದಪ್ಪ ಮೈಗೆ ಕೂಡಿಸಿದ್ದರು. ಎತ್ತಿನ ಗಾಡಿಗೆ ಮೇಕೆ ಕಟ್ಟಿದ ಹಾಗೆ. ಮುಂದೆ ಜಪಾನಿನ ಇಸುಜು ಎಂಜಿನ್ ಬಂದ ಮೇಲೆಯೇ ಏ.ಸಿ. ಹಾಕಿಕೊಂಡು ದಿಬ್ಬ ಹತ್ತುವ ತಾಕತ್ತು ಇದಕ್ಕೆ ಬಂದದ್ದು. 2002ರಲ್ಲಿ ಕಾಂಟೆಸ್ಸಾ ನಿಂತಿತು, 2014ರಲ್ಲಿ ಅಂಬಾಸಿಡರೂ ನಿಂತಿತು. ನಮ್ಮ ಬಡೇ ಅಬ್ಬಾ ಹತ್ತಿ ಜಿನ್ನಿನ ಮಾಲೀಕರೊಬ್ಬರಿಂದ ಈ ಕಾರನ್ನು 1999ರಲ್ಲಿ ಕೊಂಡಿದ್ದರು. ಕಂಪನಿಯಿಂದಲೇ ಏ.ಸಿ. ಕೂಡಿಸಿಕೊಂಡು ಬಂದ ಗಾಡಿಯೆಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಆಗ ನಮ್ಮ ಕಡೆ ಬೇಸಿಗೆಯಲ್ಲಿ ಗಾಜು ಏರಿಸಿಕೊಂಡು ಹೋಗುವ ಕಾರೆಂದರೆ ಒಳಗೆ ಯಾರೋ ದೊಡ್ಡವರಿದ್ದಾರೆಂದೇ ಅರ್ಥ. ಉಳಿದವರು ಕಿಟಕಿಗೆ ಒದ್ದೆ ಟವೆಲ್ ಸಿಕ್ಕಿಸಿಕೊಳ್ಳುತ್ತಿದ್ದರು. ಮನೆಗಳಲ್ಲಿ ಲಾವಂಚದ ತಟ್ಟಿಗೆ ನೀರು ಹೊಡೆಯುತ್ತಿದ್ದರು, ಅದೂ ಇಲ್ಲದವರು ಗೋಣಿಚೀಲಕ್ಕೆ.

ಕಾರಿನೊಳಗೆ ತಂಪು ಹುಟ್ಟಿಸುವ ಆಸೆಗೆ ವಯಸ್ಸೇನೂ ಕಡಿಮೆಯಿಲ್ಲ. ಅಮೆರಿಕದ ಪ್ಯಾಕರ್ಡ್ ಕಂಪನಿ ತನ್ನ 1940ರ ಮಾದರಿಯಲ್ಲಿ ಕಾರ್ಖಾನೆಯಿಂದಲೇ ಏ.ಸಿ. ಕೊಟ್ಟಿತು. ತಂಪು ಮಾಡುವ ಪೆಟ್ಟಿಗೆ ಹಿಂದಿನ ಡಿಕ್ಕಿಯಲ್ಲಿತ್ತು. ತಂಪು ಸಾಕೆನಿಸಿದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟ್ ಬಿಚ್ಚಬೇಕಿತ್ತು. ಇದನ್ನು ಕೇಳಿ ನಮ್ಮ ಉಸ್ತಾದರು, 'ಹಂಗಾದ್ರ ಸೇಟೂಗೆ ಚಳಿ, ಡ್ರೈವರ್‌ಗೆ ಬೆವರು' ಎಂದು ನಕ್ಕರು.

ಉಸ್ತಾದರ ಗ್ಯಾರೇಜು ಸಿಂಧನೂರಿನಲ್ಲಿದೆ. ಎಡದಂಡೆ ಕಾಲುವೆಯ ನೀರು, ಭತ್ತ, ರೈಸ್‌ಮಿಲ್ಲು, ಟ್ರ್ಯಾಕ್ಟರುಗಳ ಊರು ಅದು. ಕೈಕೆಲಸ ಬಲ್ಲವರಿಗೆ ಅಲ್ಲಿ ಬರವಿಲ್ಲ. ಅವರಿಗಿಂತ ಮೊದಲು ನಾವು ಹೆದ್ದಾರಿಯ ಬದಿಯ ಇನ್ನೊಂದು ಗ್ಯಾರೇಜಿಗೆ ಹೋಗಿದ್ದೆವು. ಅಲ್ಲಿಯವರು ಬಾನೆಟ್ ಎತ್ತಿ ನೋಡಿದ್ದೂ ಪೂರ್ತಿ ಎರಡು ನಿಮಿಷವಲ್ಲ. 'ಸಾಬ್, ಸಸ್ತಾ ಗ್ಯಾಸ್ ಐತಿ, ಹೊಡೀತೀನಿ, ಸಂಜೀಕ ಒಯ್ರಿ' ಎಂದರು. ಯಾವ ಗ್ಯಾಸ್ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಮೂಲೆಯಲ್ಲಿದ್ದ ಸಿಲಿಂಡರಿನ ಕಡೆಗೆ ಕೈ ಹೋಯಿತು. ಅದು ಅಡಿಗೆಮನೆಯ ಸಿಲಿಂಡರಿನ ಹತ್ತಿರದ ನೆಂಟನೇ. ಹಳೆಯ ಏ.ಸಿ.ಗೆ ಅಡುಗೆ ಅನಿಲದ ಜಾತಿಯ ಗ್ಯಾಸ್ ತುಂಬಿದರೆ ತಂಪೇನೋ ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಆದರೆ ಅದು ಹೊತ್ತಿಕೊಳ್ಳುವ ಗ್ಯಾಸ್. ತಂಪು ಮಾಡುವ ಕೂಲಿಂಗ್ ಕಾಯಿಲ್ ಇರುವುದು ಡ್ಯಾಷ್‌ಬೋರ್ಡಿನ ಬಳಿ, ಕೂತವರ ಮುಂದೆ. ಅದೆಲ್ಲಾದರೂ ಸೋರಿತೆಂದರೆ ಗಾಜು ಏರಿಸಿದ ಕಾರಿನೊಳಗೆ ತುಂಬಿಕೊಳ್ಳುತ್ತದೆ. ಅಮ್ಮಿಯನ್ನು ಅಂಥದರಲ್ಲಿ ಕೂಡಿಸುವುದೆಂದರೆ! ನಾವು ಗಾಡಿ ತಿರುಗಿಸಿಕೊಂಡು ಬಂದೆವು.

ಉಸ್ತಾದರು ಮೊದಲ ದಿನ ಗ್ಯಾಸಿನ ಮಾತೇ ಎತ್ತಲಿಲ್ಲ. 2024ರ ರಮಜಾನ್, ಮಾರ್ಚ್ ತಿಂಗಳು. ರೋಜಾದಲ್ಲಿದ್ದರು. ಫಜರ್ ಮುಗಿಸಿ ಗ್ಯಾರೇಜಿಗೆ ಬಂದರೆ ಹನ್ನೊಂದರವರೆಗೆ ಮಾತ್ರ ಕೆಲಸ, ಆಮೇಲೆ ಹೆಂಚಿನಂಥ ಬಾನೆಟ್ ಮುಟ್ಟುವ ಹಾಗಿಲ್ಲ. ಮುಂದಿನ ಜಾಲರಿ ಬಿಚ್ಚಿದಾಗ ರೇಡಿಯೇಟರು ಮತ್ತು ಕಂಡೆನ್ಸರಿನ ನಡುವೆ ಹತ್ತಿಯ ಎಳೆ, ಹೊಟ್ಟು, ಬೇವಿನ ಎಲೆ ಸೇರಿ ಹಾಸಿಗೆಯಂತೆ ಕೂತಿತ್ತು. ಒಳಗಿನ ಬ್ಲೋವರಿನಲ್ಲಿ ಇಲಿ ಮನೆಮಾಡಿತ್ತು.

ಏ.ಸಿ. ತಂಪನ್ನು ಸೃಷ್ಟಿಸುವುದಿಲ್ಲ, ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿ ಮಾಡುತ್ತದೆ. ಮೂಗಿನ ತುದಿಯಲ್ಲಿರುವ ಕಂಡೆನ್ಸರಿನಲ್ಲಿ ಅದು ಗಾಳಿಗೆ ಬಿಸಿ ಬಿಟ್ಟುಕೊಟ್ಟು ದ್ರವವಾಗುತ್ತದೆ. ಸಣ್ಣ ವಾಲ್ವಿನ ಕಿಂಡಿ ದಾಟಿದೊಡನೆ ಒತ್ತಡ ಕಳೆದುಕೊಂಡು ಕೂಲಿಂಗ್ ಕಾಯಿಲಿನಲ್ಲಿ ಕುದಿದು ಮತ್ತೆ ಗ್ಯಾಸಾಗುವಾಗ ಅಲ್ಲಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಸುರಾಹಿಯಲ್ಲಿ ನೀರು ಆವಿಯಾಗಿ ತಂಪಾಗುವ ಉಪಾಯವೇ ಇದು, ಸುತ್ತು ಮಾತ್ರ ಮುಚ್ಚಿಕೊಂಡಿದೆ. ಮುಚ್ಚಿದ ಸುತ್ತಿನಲ್ಲಿ ಒಂದು ರಬ್ಬರ್ ರಿಂಗು ಒಣಗಿ ಬಿರಿದರೂ ಸಾಕು, ಎಲ್ಲವೂ ಖಾಲಿ.

ನಮ್ಮ ಕಾರಿನಲ್ಲಿ ಹೀಗೇ ಖಾಲಿಯಾದದ್ದು ಆರ್-12 ಎಂಬ ಗ್ಯಾಸ್. ಅದರ ಕತೆ ಯಾವ ಕತೆಗಾರನೂ ಕಟ್ಟಲಾರದಂಥದು. 1928ರ ಸುಮಾರಿಗೆ ಅಮೆರಿಕದಲ್ಲಿ ಥಾಮಸ್ ಮಿಜ್‌ಲೀ ಮತ್ತು ಸಂಗಡಿಗರು ಈ ಜಾತಿಯ ಗ್ಯಾಸುಗಳನ್ನು ಕಂಡುಕೊಂಡಾಗ ಎಲ್ಲರಿಗೂ ಖುಷಿಯಾಗಿತ್ತು. ಅದಕ್ಕೆ ಹಿಂದೆ ತಂಪುಪೆಟ್ಟಿಗೆಗಳಲ್ಲಿದ್ದ ಅನಿಲಗಳು ವಿಷದವು, ಸೋರಿದರೆ ಜನ ಸಾಯುತ್ತಿದ್ದರು. ಇದು ವಿಷವಲ್ಲ, ಹೊತ್ತಿಕೊಳ್ಳುವುದಿಲ್ಲ, ಕೆಡುವುದೂ ಇಲ್ಲ. ಆ ಕೆಡದಿರುವ ಗುಣವೇ ಕಂಟಕವಾಯಿತು. 1974ರಲ್ಲಿ ಮೊಲಿನಾ ಮತ್ತು ರೋಲ್ಯಾಂಡ್ ಎಂಬ ವಿಜ್ಞಾನಿಗಳು ಇದು ಮೇಲೇರಿ ಓಜೋನ್ ಪದರವನ್ನು ತಿನ್ನುತ್ತದೆಂದು ತೋರಿಸಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ರಂಧ್ರದ ಸುದ್ದಿ ಬಂತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತವೂ ಸೇರಿತು. 2010ರ ಹೊತ್ತಿಗೆ ನಮ್ಮಲ್ಲಿ ಇದರ ತಯಾರಿಕೆ, ಬಳಕೆ ಮುಗಿಯಿತು. ಹಳೆಯ ದಾಸ್ತಾನು ಅಲ್ಲಿ ಇಲ್ಲಿ ಸಿಗುತ್ತದೆಂಬ ಮಾತುಗಳು ಹಳೇ ಕಾರಿನ ಹುಚ್ಚಿನವರ ನಡುವೆ ಓಡಾಡುತ್ತಲೇ ಇರುತ್ತವೆ. ಗಾಳಿಯಲ್ಲಿ ಅದರ ಆಯುಷ್ಯ ನೂರು ವರ್ಷದ ಹತ್ತಿರ. ಅಂದರೆ ಜಿನ್ನಿನ ಸೇಟೂಗಳನ್ನು 1993ರಲ್ಲಿ ತಂಪಾಗಿಟ್ಟ ಗ್ಯಾಸಿನ ಬಹುಪಾಲು ಈಗಲೂ ಅವರ ಮೊಮ್ಮಕ್ಕಳ ತಲೆಯ ಮೇಲೆ ಎಲ್ಲೋ ತೇಲುತ್ತಿದೆ.

ಭಾಯಿಜಾನರಿಗೆ ಎಲ್ಲವೂ 'ಒರಿಜಿನಲ್' ಆಗಿಯೇ ಇರಬೇಕೆಂಬ ಹಟ. ಬಡೇ ಅಬ್ಬಾರ ನೆನಪು, ಅವರ ಕೈ ಮುಟ್ಟಿದ ಗುಂಡಿಗಳು. ಗುಂಡಿಗಳನ್ನು ಉಳಿಸೋಣ ಎಂದು ನಾವೂ ಒಪ್ಪಿದೆವು. ಗಾಳಿ ಬರುವ ಜಾಲರಿ, ಬ್ಲೋವರಿನ ಪೆಟ್ಟಿಗೆ, ಕಂಪ್ರೆಸರು, ಎಲ್ಲ ಅವೇ. ಕಂಪ್ರೆಸರನ್ನು ಉಸ್ತಾದರು ಬಿಚ್ಚಿ ಹೊಸ ಸೀಲು ಹಾಕಿದರು. ಆದರೆ ಗ್ಯಾಸು ಮಾತ್ರ ಹಳೆಯದಲ್ಲ, ಆರ್-134ಎ. ಇದನ್ನು ಸುಮ್ಮನೆ ತುಂಬಿ ಕೈತೊಳೆದುಕೊಳ್ಳುವಂತಿಲ್ಲ. ಹಳೆಯ ಎಣ್ಣೆ ಇದರೊಡನೆ ಬೆರೆಯುವುದಿಲ್ಲವಾದ್ದರಿಂದ ಪೈಪುಗಳನ್ನೆಲ್ಲ ತೊಳೆದು ಬೇರೆ ಎಣ್ಣೆ ಹಾಕಬೇಕು. ಹಳೆಯ ರಬ್ಬರಿನ ಮೂಲಕ ಇದು ನುಸುಳಿಬಿಡುತ್ತದೆ, ಹೋಸುಗಳೂ ರಿಂಗುಗಳೂ ಹೊಸವು ಬೇಕು. ತೇವ ಹೀರುವ ಡ್ರೈಯರ್ ಹೊಸದು. ಇದಕ್ಕೆ ಒತ್ತಡ ಹೆಚ್ಚು, ಹಾಗಾಗಿ ಕಂಡೆನ್ಸರೂ ಚುರುಕಾಗಿರಬೇಕು. ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಅಲೆದು ಅಳತೆಗೆ ಹತ್ತಿರದ್ದೊಂದನ್ನು ತಂದೆವು, ಉಸ್ತಾದರು ಪಟ್ಟಿ ಬೆಸೆದು ಕೂಡಿಸಿದರು.

ಈ ಹೊಸ ಗ್ಯಾಸೇನು ಸಾಧುವೇ? ಅಲ್ಲ. ಓಜೋನಿಗೆ ಕೈಹಾಕುವುದಿಲ್ಲ ನಿಜ, ಆದರೆ ಸೋರಿದರೆ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಕ್ಕಿ ಭೂಮಿಯನ್ನು ಬಿಸಿ ಮಾಡುತ್ತದೆ. ಇಂಥವನ್ನು ಇಳಿಸಲು 2016ರಲ್ಲಿ ಕಿಗಾಲಿಯಲ್ಲಿ ಮತ್ತೊಂದು ತಿದ್ದುಪಡಿಯಾಯಿತು, ಭಾರತ 2021ರಲ್ಲಿ ಅದಕ್ಕೆ ಮುದ್ರೆ ಒತ್ತಿತು. ಹಾಗಾಗಿ ನಮ್ಮ ಪಾಲಿಗೆ ಉಳಿದದ್ದು ಒಂದೇ, ಸೋರದಂತೆ ನೋಡಿಕೊಳ್ಳುವುದು. ಉಸ್ತಾದರಿಗೆ ಈ ಕಾನೂನುಗಳೊಂದೂ ಗೊತ್ತಿಲ್ಲ. ಆದರೂ ನೈಟ್ರೋಜನ್ ತುಂಬಿ ಒಂದೊಂದು ಕೀಲಿಗೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಕಣ್ಣಿಟ್ಟು ಕೂತರು. ಎರಡು ಕಡೆ ಎದ್ದಿತು. ಬಿಚ್ಚಿ ಮತ್ತೆ ಬಿಗಿದು, ರಾತ್ರಿಯಿಡೀ ಮೀಟರಿನ ಮುಳ್ಳು ಇಳಿಯುವುದೇ ನೋಡಿದರು. ಆಮೇಲೆ ಪಂಪು ಹಚ್ಚಿ ಒಂದು ಗಂಟೆ ವ್ಯಾಕ್ಯೂಮ್. ಗ್ಯಾಸನ್ನು ಅಂದಾಜಿನಲ್ಲಿ ಬಿಡಲಿಲ್ಲ, ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು, ಹಳೆಯ ಅಳತೆಯ ನೂರಕ್ಕೆ ಎಂಬತ್ತೈದರಷ್ಟು.

ಎಲ್ಲ ಸೇರಿ ಮೂವತ್ತೊಂದು ಸಾವಿರ ಆಯಿತು. ಅಷ್ಟರಲ್ಲಿ ಮನೆಗೇ ಒಂದು ಏ.ಸಿ. ಬರುತ್ತಿತ್ತಲ್ಲ ಎಂದು ಅಪಾ ಅಂದರು. ಬರುತ್ತಿತ್ತು, ಅದು ಅಮ್ಮಿಯನ್ನು ರಾಯಚೂರಿಗೆ ಒಯ್ಯುತ್ತಿರಲಿಲ್ಲ.

ಈದ್ ಮುಗಿದು ವಾರಕ್ಕೆ ಹೊರಟೆವು. ಮರಳುವಾಗ ಹೊರಗೆ ನಲವತ್ತೆರಡು ಡಿಗ್ರಿ, ಜಾಲರಿಯ ಬಾಯಲ್ಲಿ ಹನ್ನೆರಡು. ಊರುಗಳ ಬಜಾರಿನಲ್ಲಿ ಗಾಡಿ ನಿಂತಾಗ ತಂಪು ಕುಂದುತ್ತದೆ, ಓಟ ಹಿಡಿದರೆ ಮರಳುತ್ತದೆ, ಹೊಸ ಕಾರಿನಷ್ಟಿಲ್ಲ. ಅಮ್ಮಿ ಹಿಂದಿನ ಸೀಟಿನ ಉದ್ದಕ್ಕೂ ಕಾಲು ಚಾಚಿ, ಸ್ವಲ್ಪ ಹೊತ್ತಿಗೆ ಶಾಲು ಕೇಳಿದರು. ಮನೆ ಮುಟ್ಟಿದಾಗ ಅವರ ಉಸಿರು ಏರಿರಲಿಲ್ಲ. ಆ ವರ್ಷದ ಮೇ ಕಳೆಯುವವರೆಗೆ ಒಂದು ಸರದಿಯೂ ತಪ್ಪಲಿಲ್ಲ.

ಒಂದು ಕೆಲಸ ಬಾಕಿ ಇತ್ತು. ನಾಳೆ ಬೇರೆ ಯಾರಾದರೂ ಬಾನೆಟ್ ಎತ್ತಿ, ಹಳೇ ಗಾಡಿಯೆಂದು ಹಳೇ ಗ್ಯಾಸನ್ನೋ ಆ ಸಸ್ತಾ ಗ್ಯಾಸನ್ನೋ ತುಂಬಿದರೆ? ಉಸ್ತಾದರು ಬಿಳಿ ಬಣ್ಣದ ಡಬ್ಬಿ, ಕುಂಚ ತರಿಸಿದರು. ಗ್ಯಾಸಿನ ಹೆಸರು, ತೂಕ, ಎಣ್ಣೆಯ ಹೆಸರು, ತಾರೀಖು, ಎಲ್ಲವನ್ನೂ ಬಾನೆಟ್ಟಿನ ಒಳಮೈಗೆ ಉರ್ದುವಿನಲ್ಲಿ ಬರೆದು ಕುಂಚವನ್ನು ನಮ್ಮ ಕೈಗೆ ಕೊಟ್ಟರು. 'ಕೆಳಗ ಕನ್ನಡದಾಗ ನೀವು ಬರೀರಿ ಸಾಬ್, ಎಲ್ಲಾರಿಗೂ ಓದಾಕ ಬರಬೇಕಲ್ಲ.' ಬರೆದೆವು. ಬಣ್ಣ ಒಣಗಲೆಂದು ಅಸರ್‌ವರೆಗೆ ಬಾನೆಟ್ಟನ್ನು ಎತ್ತಿಯೇ ಇಟ್ಟಿದ್ದೆವು.