ನಾನೊಂದು ಕೋವಿ ಕೊಂಡದ್ದು

ಐವತ್ತು ದಾಟಿದ ಹೆಂಗಸು ಮೈಸೂರಿಗೆ ಹೋಗಿ ಬರುವಾಗ ಸೀರೆಯನ್ನೋ ಮಿಕ್ಸಿಯನ್ನೋ ತಂದರೆ ಯಾರೂ ಏನೂ ಕೇಳುವುದಿಲ್ಲ. ನಾನು ಕೋವಿ ತಂದೆ. ಅದೂ ಮಕ್ಕಳಿಗೆ ಕನ್ನಡ ಪಾಠ ಹೇಳುವ, ನಿವೃತ್ತಿಗೆ ಇನ್ನೈದೇ ವರ್ಷ ಉಳಿದಿರುವ ಟೀಚರು! ಅಂದಿನಿಂದ ಸ್ಟಾಫ್ ರೂಮಿನಲ್ಲಿ ನನ್ನ ಟಿಫಿನ್ ಡಬ್ಬಿಗೆ ಕೈಹಾಕುವವರು ಕಡಿಮೆಯಾಗಿದ್ದಾರೆ.

ಕೊಡಗಿನ ಮನೆಯಲ್ಲಿ ಕೋವಿಯಿರುವುದು ದೊಡ್ಡ ಸಂಗತಿಯಲ್ಲ. ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿಯಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಕೋವಿಯನ್ನು ದೀಪದ ಮುಂದಿಟ್ಟು, ಗಂಧ ಹಚ್ಚಿ, ತೋಕ್ ಪೂವಿನಿಂದ ಸಿಂಗರಿಸುತ್ತೇವೆ. ನಮ್ಮ ಮಾತಿನಲ್ಲಿ ತೋಕ್ ಎಂದರೆ ಕೋವಿ. ಆ ಹೂವಿನ ಹೆಸರಿನಲ್ಲೇ ಕೋವಿಯಿದೆ. ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಈಡು, ಸಾವಾದರೆ ಎರಡು. ನನ್ನ ತಮ್ಮ ಹುಟ್ಟಿದ ದಿನ ಅಪ್ಪ ಹೊಡೆದ ಈಡಿಗೆ ನಾನು ಬೆಚ್ಚಿ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆನಂತೆ. ನನ್ನ ಹುಟ್ಟಿಗೆ ಯಾರೂ ಈಡು ಹೊಡೆಯಲಿಲ್ಲ. ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ, ರೂಢಿ ಹಾಗಿತ್ತು.

ಆದರೆ ಇನ್ನೊಂದು ಈಡು ನನಗೆ ಚೆನ್ನಾಗಿ ನೆನಪಿದೆ. ಆಗ ನನಗೆ ಒಂಬತ್ತು ವರ್ಷ. ಹಬ್ಬದ ಮಧ್ಯಾಹ್ನ ಯಾರೋ ನೆಂಟರು ತೋಟೆ ತುಂಬಿದ ಕೋವಿಯನ್ನು ಗೋಡೆಗೊರಗಿಸಿ ಊಟಕ್ಕೆ ಕೂತರು. ಚಿಕ್ಕಪ್ಪನ ಮಗ, ನನ್ನದೇ ವಯಸ್ಸಿನವನು, ಅದನ್ನು ಎತ್ತಿದ. ಚರೆ ನನ್ನ ತಲೆಯ ಮೇಲಿಂದ ಹಾದು ಬಾಗಿಲ ಚೌಕಟ್ಟಿಗೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಅವ್ವ ಕೈಯಲ್ಲಿದ್ದ ಕಡಂಬಿಟ್ಟಿನ ಪಾತ್ರೆಯನ್ನು ಬಿಟ್ಟದ್ದು, ಉಂಡೆಗಳು ನೆಲದ ಮೇಲೆ ಉರುಳಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಚೌಕಟ್ಟಿನ ಆ ತೂತುಗಳನ್ನು ಅಪ್ಪ ಮುಚ್ಚಿಸಲಿಲ್ಲ. 'ಇರಲಿ, ಬುದ್ಧಿ ಬರಲಿ' ಎಂದರು. ಬುದ್ಧಿಯ ಜೊತೆಗೆ ಇನ್ನೊಂದು ಆಜ್ಞೆಯೂ ಹೊರಟಿತು: ಹೆಣ್ಣುಮಕ್ಕಳು ಕೋವಿಯ ಹತ್ತಿರ ಸುಳಿಯಬಾರದು. ಕೋವಿ ಎತ್ತಿದವನು ಗಂಡು, ತುಂಬಿಟ್ಟವರೂ ಗಂಡಸರು. ಶಿಕ್ಷೆ ಮಾತ್ರ ನಮಗೆ.

ಕಾಲೇಜಿಗೆ ಹೋದಾಗ ಎನ್.ಸಿ.ಸಿ. ಸೇರಿದೆ. ನೆಲಕ್ಕೆ ಬೋರಲು ಮಲಗಿ ಪಾಯಿಂಟ್ ಟೂಟೂ ರೈಫಲಿನಿಂದ ಹೊಡೆದ ಐದು ಗುಂಡುಗಳು ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುವಷ್ಟು ಒತ್ತಾಗಿ ಬಿದ್ದವು. ಹವಾಲ್ದಾರರು 'ಶಾಬಾಷ್' ಎಂದರು. ಮನೆಯಲ್ಲಿ ಹೇಳಲಿಲ್ಲ. ಆಮೇಲೆ ಬಿ.ಎಡ್., ನೌಕರಿ, ಮದುವೆ, ಮಕ್ಕಳು, ಮೌಲ್ಯಮಾಪನದ ಕಟ್ಟುಗಳು.

2022ರ ಹಬ್ಬದಲ್ಲಿ ನಮ್ಮೂರಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೆಸರು ಕೊಟ್ಟೆ. ತಮ್ಮನ ರೈಫಲು. ಮೂರು ಗುಂಡು ಹೊಡೆದೆ, ಮೂರೂ ಹಿಂದಿನ ಮಣ್ಣಿನ ದಿಬ್ಬಕ್ಕೆ. ತೆಂಗಿನಕಾಯಿ ನನ್ನನ್ನು ನೋಡಿ ನಕ್ಕಂತೆ ಅಲ್ಲೇ ಕೂತಿತ್ತು. 'ಅಕ್ಕ, ಕಣ್ಣು ಮುಚ್ಚಿಕೊಂಡು ಹೊಡೆದೆಯಾ?' ಎಂದ ತಮ್ಮ. ಮರುದಿನ ಎಂಟನೇ ತರಗತಿಯ ಹುಡುಗಿಯೊಬ್ಬಳು ಮೆಲ್ಲನೆ ಕೇಳಿದಳು: 'ಟೀಚರ್, ಬೇರೆಯವರ ಪೆನ್ನಿನಲ್ಲಿ ಪರೀಕ್ಷೆ ಬರೀಬೇಡಿ ಅಂತ ನೀವೇ ಹೇಳ್ತೀರಲ್ಲ?'

ಆ ಮಾತು ನಾಟಿತು. ಗಳಿಕೆ ರಜೆಯ ಹಣ ತೆಗೆದಿಟ್ಟೆ. ಜಿಲ್ಲಾಧಿಕಾರಿ ಕಚೇರಿಗೆ ಅಲೆದು ಕಾಗದಪತ್ರ ಮಾಡಿಸಿದೆ. ತಮ್ಮನನ್ನು ಕರೆದುಕೊಂಡು ಮೈಸೂರಿನ ಅಂಗಡಿಗೆ ಹೋದೆ.

ಅಂಗಡಿಯವರು ಮಾತಾಡಿದ್ದೆಲ್ಲ ತಮ್ಮನ ಜೊತೆ. 'ಸಾರ್, ಇದು ನೋಡಿ, ಅದು ನೋಡಿ.' ನಾನು ಕೈಚೀಲ ಕೆಳಗಿಟ್ಟು, 'ಬೋಲ್ಟ್ ತೆರೆದು ಕೊಡಿ' ಎಂದೆ. ಆಗ ನನ್ನ ಕಡೆ ತಿರುಗಿದರು.

ಬೋಲ್ಟ್ ರೈಫಲೇ ಬೇಕೆಂದು ಮನೆಯಿಂದ ಹೊರಡುವಾಗಲೇ ನಿಶ್ಚಯಿಸಿದ್ದೆ. ಬಾಗಿಲ ಅಗಳಿಯಂತೆ ಹಿಡಿಯನ್ನು ಎತ್ತಿ ಹಿಂದಕ್ಕೆಳೆದರೆ ಒಳಗೆ ತೋಟೆ ಇದೆಯೋ ಇಲ್ಲವೋ ಎದುರಿಗಿದ್ದವರಿಗೆಲ್ಲ ಕಾಣುತ್ತದೆ. ಒಂದು ಗುಂಡು ಹೊಡೆದ ಮೇಲೆ ಇನ್ನೊಂದಕ್ಕೆ ಕೈಯಾರೆ ಎಳೆದು ತಳ್ಳಬೇಕು. ಅಷ್ಟರಲ್ಲಿ ಒಂದು ಉಸಿರು, ಒಂದು ಯೋಚನೆ. ಎಲ್ಲಕ್ಕಿಂತ ಮುಖ್ಯವಾಗಿ, ಬೋಲ್ಟನ್ನು ಕಳಚಿ ಬೇರೆ ಕಡೆ ಬೀಗ ಹಾಕಿಡಬಹುದು. ಬೋಲ್ಟಿಲ್ಲದ ರೈಫಲು ಒಂದು ಊರುಗೋಲು, ಅಷ್ಟೇ.

ಮೇಜಿನ ಮೇಲೆ ಎರಡು ಪಾಯಿಂಟ್ ಟೂಟೂ ಇದ್ದವು: ಇಷಾಪುರದ ಕಾರ್ಖಾನೆಯ ಹೊಸದೊಂದು, ಯಾರೋ ಮಾರಲು ಬಿಟ್ಟಿದ್ದ ಚೆಕೊಸ್ಲೊವಾಕಿಯಾದ ಹಳೆಯ ಬ್ರನೋ ಒಂದು. ಕೋವಿಯ ಮರದ ತುದಿಯನ್ನು ಮೊಣಕೈ ಮಡಿಲಿಗೆ ಒತ್ತಿ ಹಿಡಿದರೆ ಬೆರಳು ಟ್ರಿಗರಿಗೆ ಸರಾಗವಾಗಿ ತಲುಪಬೇಕು. ಎರಡರಲ್ಲೂ ತಲುಪಲಿಲ್ಲ. ಆಗಲೇ ತಮ್ಮನ ರೈಫಲಿನ ಗುಟ್ಟೂ ತಿಳಿಯಿತು. ಕೋವಿಗಳನ್ನು ಮಾಡಿರುವುದೇ ಗಂಡಸರ ತೋಳಿನ ಅಳತೆಗೆ. ಉದ್ದದ ಮರಕ್ಕೆ ಕತ್ತು ಚಾಚಿದರೆ ಕೆನ್ನೆ ಒಂದೇ ಕಡೆ ಕೂರುವುದಿಲ್ಲ, ಕೆನ್ನೆ ಕೂರದಿದ್ದರೆ ಗುರಿ ನಿಲ್ಲುವುದಿಲ್ಲ.

ನಳಿಗೆಯೊಳಗೆ ಇಣುಕಿದೆ. ಹೊಸದರಲ್ಲಿ ದೋಷವಿರಲಿಲ್ಲ, ಹಳೆಯದೂ ಕನ್ನಡಿಯಂತೆ ಹೊಳೆಯಿತು. ಈ ಜಾತಿಯ ರೈಫಲಿನಲ್ಲಿ ಬರಿದೇ ಟ್ರಿಗರ್ ಒತ್ತಿದರೆ ಪೆಟ್ಟಾಗಬಹುದೆಂದು ಖಾಲಿ ತೋಟೆ ಹಾಕಿಸಿ ಒತ್ತಿ ನೋಡಿದೆ. ನಾನು ನೋಡಿದ ಆ ಹೊಸದರ ಟ್ರಿಗರ್ ಬಿಗಿ. ಎಳೆಯುವಾಗ ಇಡೀ ಕೋವಿ ಅಲುಗಿತು. ಬ್ರನೋದ್ದು ಒಣಗಿದ ಕಡ್ಡಿ ಮುರಿದಂತೆ, ಟಕ್. ತೂಕ ಮೂರು ಕೆ.ಜಿ.ಯೊಳಗೆ. 'ಇದೇ ಇರಲಿ' ಎಂದೆ. ದುರ್ಬೀನು ಕೂಡ ಹಾಕಿಸಿಕೊಳ್ಳಿ ಮೇಡಂ ಎಂದರು. ನಮ್ಮೂರ ಸ್ಪರ್ಧೆಯಲ್ಲಿ ಅದಕ್ಕೆ ಒಪ್ಪಿಗೆಯಿಲ್ಲ.

ಮರವನ್ನು ನಮ್ಮೂರ ಆಚಾರಿ ಒಂದಂಗುಲ ಕೊಯ್ದುಕೊಟ್ಟ. 'ಬಾಗಿಲು ಕೊಯ್ದಿದ್ದೇನೆ, ಹಲಗೆ ಕೊಯ್ದಿದ್ದೇನೆ, ಟೀಚರಮ್ಮನ ಕೋವಿ ಕೊಯ್ಯುವ ಕಾಲವೂ ಬಂತು' ಎಂದ.

ಇನ್ನುಳಿದದ್ದು ಕಣ್ಣಿನ ತಾಪತ್ರಯ. ಹಿಂದಿನ ಕಚ್ಚು, ಮುಂದಿನ ಕಡ್ಡಿ, ದೂರದ ಗುರಿ ಮೂರನ್ನೂ ಒಟ್ಟಿಗೆ ನೋಡಬೇಕು. ಚಾಳೀಸು ಬಂದ ಕಣ್ಣಿಗೆ ಕಚ್ಚು ಬರೀ ಮಂಜು. ನಮ್ಮ ಶಾಲೆಯ ವಿಜ್ಞಾನದ ಟೀಚರು ಪೋಸ್ಟ್ ಕಾರ್ಡಿಗೆ ಸೂಜಿಯಿಂದ ತೂತು ಮಾಡಿ, 'ಕನ್ನಡಕ ತೆಗೆದು ಇದರಲ್ಲಿ ಓದಿ' ಎಂದರು. ಪತ್ರಿಕೆಯ ಸಣ್ಣಕ್ಷರ ಎದ್ದು ಕಂಡಿತು! ಸಣ್ಣ ತೂತು ಬೆಳಕಿನ ಅಡ್ಡಾದಿಡ್ಡಿ ಕಿರಣಗಳನ್ನು ತಡೆಯುತ್ತದೆ, ಅದಕ್ಕೇ ಹೀಗೆ. ಬ್ರನೋದ ಬೆನ್ನ ಮೇಲಿನ ಗಾಡಿಗೆ ಅಂಥದೇ ತೂತಿನ ಬಿಲ್ಲೆಯೊಂದನ್ನು ಕೂರಿಸಿದೆ. ತೂತನ್ನು ಮರೆತು ಮುಂದಿನ ಕಡ್ಡಿಯನ್ನಷ್ಟೇ ನೋಡಿದರೆ ಸಾಕು. ಬಳಿಕ ಬೇರೆ ಬೇರೆ ಕಂಪನಿಯ ತೋಟೆಗಳನ್ನು ಐದೈದರಂತೆ ಹೊಡೆದು, ಕೋವಿಗೆ ಯಾವುದು ಒಗ್ಗುತ್ತದೆಂದು ಕಂಡುಕೊಂಡೆ. ಮಕ್ಕಳಂತೆ ಕೋವಿಗೂ ಊಟದಲ್ಲಿ ಆಯ್ಕೆಯಿದೆ.

ಗೆಲ್ಲುವುದು ಕಷ್ಟವಾಗಿದ್ದು ಅವ್ವನನ್ನು. ಎಂಬತ್ತೆರಡರ ಅವ್ವ ಕೋವಿಯನ್ನು ನೋಡಿದವರೇ ಒಳಗೆ ಹೋಗಿ ಮಲಗಿದರು. ಎರಡು ದಿನ ಮಾತಿಲ್ಲ. ಮೂರನೆಯ ದಿನ ಅವರ ಮಂಚದ ಮೇಲೆ ಕೂತು, ಬೋಲ್ಟನ್ನು ಕಳಚಿ ಅವರ ಅಂಗೈಗಿಟ್ಟೆ. 'ಇದಿಲ್ಲದೆ ಅದು ಸಿಡಿಯುವುದಿಲ್ಲ ಅವ್ವ. ಇದು ನಿಮ್ಮ ಟ್ರಂಕಿನಲ್ಲಿರಲಿ, ಬೀಗದ ಕೈ ನಿಮ್ಮ ಹತ್ತಿರ.' ಅವರು ಅದನ್ನು ತಿರುಗಿಸಿ ನೋಡಿದರು. 'ಆವತ್ತು ಹೀಗೊಂದು ಇದ್ದಿದ್ದರೆ...' ಎಂದು ಬಾಗಿಲ ಕಡೆ ನೋಡಿ ಸುಮ್ಮನಾದರು. ಅಂದಿನಿಂದ ರಾತ್ರಿ ಗ್ಯಾಸ್ ಆರಿಸಿದೆಯಾ ಎಂದು ಕೇಳುವ ಮುಂಚೆ ಟ್ರಂಕು ತಡವುತ್ತಾರೆ.

2024ರ ಆಗಸ್ಟ್ 1ರಂದು ಕೊಲ್ಹಾಪುರದ ಕಡೆಯ ಸ್ವಪ್ನಿಲ್ ಕುಸಾಳೆ, ರೈಲ್ವೆಯ ಟಿಕೆಟ್ ಪರೀಕ್ಷಕ, ಪ್ಯಾರಿಸ್ ಒಲಿಂಪಿಕ್ಸಿನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ 451.4 ಅಂಕ ಗಳಿಸಿ ಕಂಚು ಗೆದ್ದರು. ಅಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು. ಆ ಮಹಾನುಭಾವರೆದುರು ನಮ್ಮ ತೆಂಗಿನಕಾಯಿ ಬೆಟ್ಟವೇ ಸರಿ.

ಆ ವರ್ಷದ ಹಬ್ಬದಲ್ಲಿ ಆ ಬೆಟ್ಟಕ್ಕೆ ಮೂರು ಗುಂಡು ಹೊಡೆದೆ. ಮೊದಲನೆಯದು ದಿಬ್ಬಕ್ಕೆ, ಎರಡನೆಯದೂ ದಿಬ್ಬಕ್ಕೆ. ಮೂರನೆಯದಕ್ಕೆ ಕಾಯಿ ಅಲುಗಿ, ಕಂಡೂ ಕಾಣದಂಥ ತೂತಿನಿಂದ ನೀರು ಜಿನುಗಿತು. ಬಹುಮಾನ ಬರಲಿಲ್ಲ. ಬೋಲ್ಟ್ ತೆರೆದು, ಎಲ್ಲರಿಗೂ ಕಾಣುವಂತೆ ಕೋವಿಯನ್ನು ಮೇಜಿನ ಮೇಲಿಟ್ಟೆ. ಕಾಯನ್ನು ಮನೆಗೆ ತಂದೆ. ಅವ್ವ ತೂತಿಗೆ ಬೆರಳಿಟ್ಟು ನೋಡಿ, 'ಪರವಾಗಿಲ್ಲ' ಎಂದು ತುರಿಯಲು ಕೂತರು.